ಪಾಲು ಮಾಡುವವರ ಕಣ್ಣಿಗೊಂದು ಪರದೆ

ಹಂಚಿ ಉಣ್ಣಬೇಕೆಂದು ಹೇಳದ ಧರ್ಮವಿಲ್ಲ. ಆದರೆ ಯಾರಿಗೆಷ್ಟು ಎಂಬ ಪ್ರಶ್ನೆ ಬಂದೊಡನೆ ಒಡಹುಟ್ಟಿದವರೂ ವೈರಿಗಳಾಗುತ್ತಾರೆ. ಈ ಪ್ರಶ್ನೆಯನ್ನೇ ಬಾಳಿನುದ್ದಕ್ಕೂ ಚಿಂತಿಸಿದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ತತ್ತ್ವಜ್ಞಾನಿ ಜಾನ್ ರಾಲ್ಸ್ (1921-2002). ನ್ಯಾಯವನ್ನು ಕುರಿತ ಅವರ ಮಹಾಗ್ರಂಥ 1971ರಲ್ಲಿ ಪ್ರಕಟವಾಯಿತು.

ಸಮಾಜದ ಕಟ್ಟಳೆಗಳನ್ನು ಮಾಡಲು ಕುಳಿತವರ ಮುಂದೆ ಅಜ್ಞಾನದ ಪರದೆಯೊಂದಿದೆಯೆಂದು ಭಾವಿಸಿರಿ ಎನ್ನುತ್ತಾರೆ ರಾಲ್ಸ್. ತಾನು ಧನಿಕನೋ ಬಡವನೋ, ಜಾಣನೋ ಮಂದನೋ, ಯಾವ ಕುಲದವನೋ ಒಬ್ಬರಿಗೂ ತಿಳಿಯದು. ಕಡುಬಡವನ ಪಾಲು ತನಗೇ ಬಂದೀತೆಂಬ ಎಚ್ಚರದಿಂದ ಯಾರೂ ಅವನನ್ನು ಮರೆಯಲಾರರು. ಎಲ್ಲರಿಗೂ ಸಮಾನ ಸ್ವಾತಂತ್ರ್ಯವಿರಬೇಕು, ಅವಕಾಶದಲ್ಲಿ ನ್ಯಾಯವಿರಬೇಕು. ಸಂಪತ್ತಿನಲ್ಲಿ ಅಂತರವಿದ್ದರೆ ಅದು ಎಲ್ಲರಿಗಿಂತ ಕೆಳಗಿರುವವನಿಗೆ ಅತ್ಯಧಿಕ ಹಿತ ತರುವಂತಿರಬೇಕು. ಇದು ಅವರ ಸಿದ್ಧಾಂತದ ಸಾರ.

ನ್ಯಾಯವಾಗಿ ಗಳಿಸಿದವನಿಂದ ಕಿತ್ತು ಇತರರಿಗೆ ಕೊಡುವುದು ಸರಿಯೇ ಎಂದು ಅದೇ ಹಾರ್ವರ್ಡಿನ ರಾಬರ್ಟ್ ನೋಜಿಕ್ 1974ರಲ್ಲಿ ಆಕ್ಷೇಪಿಸಿದರು. ಕಾಯಕದ ಬೆಲೆ ಬಲ್ಲ ನಮಗೆ ಈ ಮಾತು ತಳ್ಳಿಹಾಕುವಂಥದಲ್ಲ. ಆದರೆ ಹುಟ್ಟಿದ ಮನೆ, ಪಡೆದ ಬುದ್ಧಿಶಕ್ತಿ ಯಾರ ಸ್ವಂತ ಗಳಿಕೆಯೂ ಅಲ್ಲ ಎಂಬ ರಾಲ್ಸರ ವಾದವೇ ನಮಗೆ ಹಿರಿದಾಗಿ ತೋರುತ್ತದೆ. ದುಡಿದದ್ದೆಲ್ಲ ಶಿವನದೆಂದು ತಿಳಿದು ಅಹಂಕಾರವಳಿದು ಅರ್ಪಿಸುವುದೇ ದಾಸೋಹ. ರಾಲ್ಸರು ಹೇಳಿದ್ದು ಹೊರಗಿನ ಕಟ್ಟಳೆ, ದಾಸೋಹವು ಒಳಗಿನ ಸಂಸ್ಕಾರ. ಒಂದಿಲ್ಲದೆ ಇನ್ನೊಂದು ನಿಲ್ಲದು.

ರಾಲ್ಸರು ಮನೆಯೊಳಗಿನ ನ್ಯಾಯವನ್ನು ಸಾಕಷ್ಟು ವಿಚಾರಿಸಲಿಲ್ಲವೆಂದು ಸೂಸನ್ ಓಕಿನ್ ಎಂಬ ವಿದುಷಿ 1989ರಲ್ಲಿ ಟೀಕಿಸಿದರು. ಈ ಟೀಕೆ ನಮ್ಮ ಮನೆಬಾಗಿಲಿಗೂ ಬರುತ್ತದೆ. ವೀರಶೈವ ಲಿಂಗಾಯತರಿಗೂ ಅನ್ವಯಿಸುವ ಹಿಂದೂ ಉತ್ತರಾಧಿಕಾರ ಕಾಯ್ದೆಯು 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿದೆ. ಹುಟ್ಟಿನಿಂದಲೇ ಬರುವ ಹಕ್ಕು ಇದೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಸ್ಪಷ್ಟಪಡಿಸಿದೆ. ಆದರೂ ಸೀರೆ ಕುಪ್ಪಸ ಕೊಟ್ಟು, ತವರಿನ ಬಾಗಿಲು ಮುಚ್ಚೀತೆಂಬ ಭಯ ತೋರಿಸಿ, ಹಕ್ಕು ಬಿಡುಗಡೆ ಪತ್ರಕ್ಕೆ ಮಗಳ ಹೆಬ್ಬೆಟ್ಟು ಒತ್ತಿಸುವ ಮನೆಗಳುಂಟು. ಲಿಂಗದೀಕ್ಷೆಯಲ್ಲಿ ಹೆಣ್ಣು ಗಂಡೆಂಬ ಭೇದವಿಲ್ಲ. ಹೊಲದ ಪಾಲಿನಲ್ಲಿ ಅದೆಲ್ಲಿಂದ ಬಂತು?

ಸಿಹಿ ಕತ್ತರಿಸಿದವನು ಕೊನೆಯ ತುಂಡು ತೆಗೆದುಕೊಳ್ಳಲಿ, ಆಗ ಸಮನಾಗಿ ಕತ್ತರಿಸುತ್ತಾನೆ ಎಂಬ ದೃಷ್ಟಾಂತವೂ ರಾಲ್ಸರ ಗ್ರಂಥದಲ್ಲಿದೆ. ಪಾಲುಪಾರಿಕತ್ತಿಗೆ ಕೂಡುವ ಹಿರಿಯರೇ, ಈ ಮನೆಗೆ ನಾನು ಮಗಳಾಗಿ ಹುಟ್ಟಿದ್ದರೆ ಎಂದು ಒಮ್ಮೆ ಕಣ್ಣುಮುಚ್ಚಿ ವಿಚಾರಿಸಿರಿ. ಆಮೇಲೆ ಪತ್ರ ಬರೆಯಿಸಿರಿ. ಅಂಥ ಪಾಲಿಗೆ ಶಿವನೊಪ್ಪಿಗೆಯುಂಟೆಂಬುದು ನಮ್ಮ ನಂಬಿಕೆ.