ನಾಯಿಗೆ ನಾಯಿಪಾಡು ಬೇಡ

‘ತಾನಾಗೇ ಹೋಗಲಿ ಬಿಡಿ’ ಎಂಬ ಮಾತಿನ ಮೇಲೆ ನನ್ನ ಜಗಳ. ಮನೆಯ ಮುದಿ ನಾಯಿಗೆ ವಾಸಿಯಾಗದ ಕಾಯಿಲೆ ಬಂದಾಗ ನಮ್ಮಲ್ಲಿ ಎಲ್ಲರೂ ಹೇಳುವ ಮಾತು ಇದು. ಹೇಳುವವರಲ್ಲಿ ಕಲ್ಲು ಮನಸ್ಸಿನವರು ಕಡಿಮೆ, ನಾಯಿಯನ್ನು ಮುದ್ದಿಸಿದವರೇ ಹೆಚ್ಚು. ಅದಕ್ಕೇ ಈ ಮಾತನ್ನು ಎದುರಿಸುವುದು ಕಷ್ಟ.

ನಮ್ಮ ಮನೆಯ ಕೆಂಚನಿಗೆ ಈಗ ಹದಿನಾಲ್ಕು ವರ್ಷ. ದೆಹಲಿಯ ಮುನಿರ್ಕಾದ ಗಲ್ಲಿಯೊಂದರಲ್ಲಿ ಸಿಕ್ಕ ಬೀದಿ ಮರಿ. ಅವನ ಎರಡೂ ಕಿಡ್ನಿ ಸೋಲುತ್ತಿವೆ. ಹಾಸನದಿಂದ ಅಮ್ಮ ಫೋನಿನಲ್ಲಿ, “ಅದು ತಾನಾಗೇ ಹೋಗ್ಲಿ ಮಗಾ, ನಾವ್ಯಾಕೆ ಪಾಪ ಕಟ್ಕೋಬೇಕು?” ಎನ್ನುತ್ತಾಳೆ. ಕೆಳಗಿನ ಮಹಡಿಯ ಮನೆ ಮಾಲೀಕರ ಹೆಂಡತಿ, ಹರಿಯಾಣದ ಹಿಂದಿಯಲ್ಲಿ, ಅದೇ ಮಾತು ಹೇಳುತ್ತಾರೆ. ಇಬ್ಬರಿಗೂ ಕೆಂಚನೆಂದರೆ ಪ್ರಾಣ. ಆದರೂ ಇಬ್ಬರ ಮಾತೂ ತಪ್ಪು ಎಂದು ಇಲ್ಲಿ ವಾದಿಸುತ್ತೇನೆ.

ಸಾಕಿದ ನಾಯಿಯ ಬದುಕಿನಲ್ಲಿ ‘ತಾನಾಗೇ’ ಆದದ್ದು ಏನಿದೆ ಹೇಳಿ. ಎಲ್ಲಿ ಮಲಗಬೇಕು, ಏನು ತಿನ್ನಬೇಕು, ಯಾವಾಗ ಉಚ್ಚೆಗೆ ಹೋಗಬೇಕು ಎಂಬುದನ್ನೆಲ್ಲ ನಾವೇ ನಿರ್ಧರಿಸಿದೆವು. ರೇಬಿಸ್ ಲಸಿಕೆ ಹಾಕಿಸಿದವರು ನಾವು. ಅದರ ಸಂತಾನಶಕ್ತಿಯನ್ನು ತೆಗೆಸಿದವರೂ ನಾವೇ. ಆಗ ಯಾರೂ ಅದರ ಒಪ್ಪಿಗೆ ಕೇಳಲಿಲ್ಲ, ಪ್ರಕೃತಿಯನ್ನು ನೆನೆಯಲಿಲ್ಲ. ಕಾಡಿನಲ್ಲಿ ಕಿಡ್ನಿ ಕೆಟ್ಟ ಪ್ರಾಣಿ ವಾರಗಟ್ಟಲೆ ನರಳುವ ಹೊತ್ತಿಗೆ ಬೇರೊಂದು ಪ್ರಾಣಿಯ ಪಾಲಾಗಿರುತ್ತದೆ. ಡ್ರಿಪ್ಪು, ಔಷಧಿ, ಚಮಚದಲ್ಲಿ ಗಂಜಿ ಕೊಟ್ಟು ಆಯುಷ್ಯವನ್ನು ಎಳೆದಿರುವುದು ನಾವು. ಎಳೆದದ್ದು ತಪ್ಪಲ್ಲ. ಆದರೆ ಇಷ್ಟೆಲ್ಲ ನಿರ್ಧಾರ ಮಾಡಿದವರು ಕೊನೆಯದೊಂದನ್ನು ಮಾತ್ರ ದೇವರ ಹೆಗಲಿಗೆ ಹಾಕುವುದನ್ನು ಭಕ್ತಿ ಎನ್ನಲಾರೆ. ಅದು ಜವಾಬ್ದಾರಿಯಿಂದ ಜಾರಿಕೊಳ್ಳುವ ದಾರಿ.

ಈ ಕಾಯಿಲೆಯ ಸ್ವಭಾವವನ್ನು ತಿಳಿದರೆ ವಾದ ಇನ್ನಷ್ಟು ಸ್ಪಷ್ಟವಾಗುತ್ತದೆ. ನಾಯಿಯ ಕಿಡ್ನಿಗಳು ಸುಮಾರು ಮುಕ್ಕಾಲು ಭಾಗ ಕೆಲಸ ನಿಲ್ಲಿಸುವವರೆಗೂ ರಕ್ತದಲ್ಲಿ ಕ್ರಿಯಾಟಿನಿನ್ ಅಷ್ಟಾಗಿ ಏರುವುದಿಲ್ಲ. ಮೊದಲು ಕಾಣುವುದು ಅತಿಯಾದ ಬಾಯಾರಿಕೆ, ಅತಿಯಾದ ಮೂತ್ರ. ಆಮೇಲೆ ತೂಕ ಇಳಿಯುತ್ತದೆ, ವಾಂತಿ ಶುರುವಾಗುತ್ತದೆ, ಬಾಯಲ್ಲಿ ಹುಣ್ಣು, ಉಸಿರಿನಲ್ಲಿ ಅಮೋನಿಯಾದ ವಾಸನೆ. ಪಥ್ಯದ ಊಟ, ಚರ್ಮದಡಿ ಕೊಡುವ ಲವಣದ ನೀರು, ವಾಂತಿ ತಡೆಯುವ ಮಾತ್ರೆ ಇವೆಲ್ಲ ದಿನಗಳನ್ನು ಹಗುರ ಮಾಡುತ್ತವೆ, ಕೆಲವೊಮ್ಮೆ ತಿಂಗಳುಗಳನ್ನೇ ಕೊಡುತ್ತವೆ. ಸತ್ತ ಕಿಡ್ನಿಯನ್ನು ಮಾತ್ರ ಯಾವುದೂ ಬದುಕಿಸುವುದಿಲ್ಲ. ಇದನ್ನು ಮುನಿರ್ಕಾದಂಥ ಊರಿನಲ್ಲಿಟ್ಟು ನೋಡಿ. ಔಟರ್ ರಿಂಗ್ ರೋಡಿಗೆ ಅಂಟಿಕೊಂಡ ಹಳೆಯ ಹಳ್ಳಿ ಇದು. ಎರಡು ಸ್ಕೂಟರ್ ಎದುರಾದರೆ ಒಂದು ಹಿಂದಕ್ಕೆ ಸರಿಯಬೇಕಾದ ಗಲ್ಲಿಗಳು, ಲಿಫ್ಟಿಲ್ಲದ ನಾಲ್ಕೈದು ಮಹಡಿಗಳು, ಒಂದೊಂದು ಕೋಣೆಯಲ್ಲಿ ಒಂದೊಂದು ರಾಜ್ಯದ ಬಾಡಿಗೆದಾರರು. ಗಂಟೆಗೊಮ್ಮೆ ಮೂತ್ರಕ್ಕೆ ಹೋಗಬೇಕಾದ ಮುದಿ ನಾಯಿಯನ್ನು ನಾಲ್ಕನೇ ಮಹಡಿಯಿಂದ ತೋಳಲ್ಲೆತ್ತಿ ಇಳಿಸಬೇಕು, ಮೇ ತಿಂಗಳ ಬಿಸಿಗಾಳಿಯಲ್ಲಿ ಮತ್ತೆ ಹತ್ತಿಸಬೇಕು. ಎತ್ತುವಾಗ ಅದರ ಪಕ್ಕೆಲುಬು ನಮ್ಮ ಕೈಗೆ ಎಣಿಕೆಗೆ ಸಿಗುತ್ತದೆ. ಹೀಗೆ ಎತ್ತಿಸಿಕೊಳ್ಳುವ ಪ್ರಾಣಿಗೆ ‘ತಾನಾಗೇ’ ಎಂಬ ಪದ ಒಪ್ಪುವುದಿಲ್ಲ.

‘ಅದು ಕುಂಯ್ ಅಂತಲೂ ಅನ್ನಲ್ಲ, ನೋವಿಲ್ಲ ಬಿಡಿ’ ಎನ್ನುವವರಿದ್ದಾರೆ. ನಾಯಿ ನೋವನ್ನು ಬಚ್ಚಿಡುವ ಪ್ರಾಣಿ. ಮೂಲೆ ಹಿಡಿದು ಕೂರುವುದು, ಬೆನ್ನು ಗೂನು ಮಾಡಿ ನಿಲ್ಲುವುದು, ಮಲಗಿದಲ್ಲೇ ಏದುಸಿರು ಬಿಡುವುದು, ರಾತ್ರಿಯಿಡೀ ಜಾಗ ಬದಲಿಸುವುದು, ಇಷ್ಟದ ತಿಂಡಿಯನ್ನು ಮೂಸಿ ಮುಖ ತಿರುಗಿಸುವುದು ಇವೇ ಅದರ ಕೂಗು. ಕೂಗು ಕೇಳಿಸಿತೆಂದು ನಮ್ಮ ಮಾತ್ರೆ ಡಬ್ಬಿಗೆ ಕೈ ಹಾಕಬೇಡಿ. ಮನುಷ್ಯರು ನುಂಗುವ ಐಬುಪ್ರೊಫೆನ್ ನಾಯಿಯ ಹೊಟ್ಟೆಗೂ ಕಿಡ್ನಿಗೂ ವಿಷ. ನೋವಿನ ಔಷಧಿ ಪಶುವೈದ್ಯರಿಂದಲೇ ಬರಬೇಕು.

ಇನ್ನು ಪಾಪದ ಮಾತು. 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಕರುವೊಂದು ಗುಣವಾಗದ ಸ್ಥಿತಿಯಲ್ಲಿ ಒದ್ದಾಡುತ್ತಿತ್ತು. ಶುಶ್ರೂಷೆಯೆಲ್ಲ ಮುಗಿದ ಮೇಲೆ ಗಾಂಧೀಜಿ ವೈದ್ಯರಿಂದ ಚುಚ್ಚುಮದ್ದು ಕೊಡಿಸಿ ಅದರ ಪ್ರಾಣ ಬಿಡಿಸಿದರು. ನಾಯಿಯೂ ಅಲ್ಲ, ಹಸುವಿನ ಕರು. ಅದೂ ಅಹಿಂಸೆಯನ್ನೇ ವ್ರತ ಮಾಡಿಕೊಂಡ ಆಶ್ರಮದಲ್ಲಿ. ದೇಶದ ಹಲವೆಡೆಯಿಂದ ಸಿಟ್ಟಿನ ಪತ್ರಗಳು ಬಂದವು. ಅವರು ಅಡಗಿಕೊಳ್ಳಲಿಲ್ಲ. ನೋವನ್ನು ತಗ್ಗಿಸಲು ಬೇರೆ ದಾರಿಯೇ ಇಲ್ಲದಾಗ ಆ ಜೀವಕ್ಕಾಗಿ ಮಾಡಿದ ಈ ಕೆಲಸ ಅಹಿಂಸೆಯೇ ಎಂದು ತಮ್ಮ ಪತ್ರಿಕೆಯಲ್ಲಿ ಬರೆದರು. ಒಪ್ಪದವರು ಒಪ್ಪದಿರಲಿ. ಆದರೆ ಕೈಕಟ್ಟಿ ಕೂತವನಿಗೆ ಪಾಪ ಅಂಟುವುದಿಲ್ಲ ಎಂಬ ನಂಬಿಕೆಗೆ ಉತ್ತರ ಅಲ್ಲಿದೆ. ನೋಡುತ್ತ ಕೂರುವುದೂ ಒಂದು ಕೆಲಸವೇ, ಅದಕ್ಕೂ ಲೆಕ್ಕವಿದೆ.

ನಮ್ಮ ಕಾನೂನು ಕೂಡ ಇದನ್ನು ಬಲ್ಲದು. ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಪಟ್ಟುಹಿಡಿದದ್ದರ ಫಲವಾಗಿ ಬಂದ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 13ನೇ ಸೆಕ್ಷನ್, ಪ್ರಾಣಿಯನ್ನು ಜೀವಂತ ಇಡುವುದೇ ಕ್ರೌರ್ಯವಾಗುವ ಸಂದರ್ಭ ಇರಬಹುದು ಎಂದು ಒಪ್ಪುತ್ತದೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು, ವಾಸಿಯಾಗದ ಕಾಯಿಲೆಯ ಬೀದಿ ನಾಯಿಗೆ ಅರ್ಹ ಪಶುವೈದ್ಯರಿಂದ ನೋವಿಲ್ಲದ ದಯಾಮರಣ ಕೊಡಬೇಕು, ಅದೂ ಇನ್ನೊಂದು ನಾಯಿಯ ಕಣ್ಣೆದುರು ಕೊಡಬಾರದು ಎನ್ನುತ್ತವೆ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನ ಆದೇಶ ಬಂದಾಗ ದೆಹಲಿಯ ಬೀದಿ ನಾಯಿಗಳ ಬಗ್ಗೆ ಇಡೀ ದೇಶ ಬಾಯಿಗೆ ಬಂದಂತೆ ಮಾತಾಡಿತು. ಕಚ್ಚುವ ನಾಯಿಯ ಬಗ್ಗೆ ಎಲ್ಲರಿಗೂ ಅಭಿಪ್ರಾಯವಿತ್ತು, ಸಾಯುತ್ತಿರುವ ನಾಯಿಯ ಬಗ್ಗೆ ಯಾರಿಗೂ ಇರಲಿಲ್ಲ. ಹಾಳೆಯ ಮೇಲಾದರೂ ಬೀದಿ ನಾಯಿಗೆ ಸಿಕ್ಕ ಕರುಣೆ, ಸೋಫಾ ಮೇಲೆ ಬೆಳೆದ ನಾಯಿಗೆ ನಮ್ಮ ಪ್ರೀತಿಯ ದೆಸೆಯಿಂದಲೇ ತಪ್ಪಿಹೋಗುತ್ತಿದೆ.

‘ಧರ್ಮರಾಯ ಸ್ವರ್ಗದ ಬಾಗಿಲಲ್ಲೂ ನಾಯಿಯನ್ನು ಬಿಡಲಿಲ್ಲವಲ್ಲ’ ಎನ್ನುತ್ತೀರಿ. ನಾನೂ ಅದನ್ನೇ ಹೇಳುತ್ತಿದ್ದೇನೆ. ಅವನು ನಿರಾಕರಿಸಿದ್ದು ನಂಬಿ ಬಂದ ಜೀವವನ್ನು ಕೈಬಿಡುವುದನ್ನು. ಕನ್ನಡಿಗರಿಗೆ ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಮದ್ದೂರು ಬಳಿಯ ಆತಕೂರಿನಲ್ಲಿ, ಸುಮಾರು 950ರಲ್ಲಿ, ಮಣಲೇರ ತನ್ನ ಬೇಟೆನಾಯಿ ಕಾಳಿಗೆ ಕಲ್ಲು ನಿಲ್ಲಿಸಿದ. ಯುದ್ಧದಲ್ಲಿ ತೋರಿದ ಶೌರ್ಯಕ್ಕೆ ಅರಸ ಬಹುಮಾನ ಕೊಡುತ್ತೇನೆಂದಾಗ ಅವನು ಕೇಳಿ ಪಡೆದದ್ದೇ ಈ ನಾಯಿಯನ್ನು. ಹಂದಿಯೊಡನೆ ಹೋರಾಡಿ ಅದು ಸತ್ತಾಗ ಕಲ್ಲು ನೆಟ್ಟು, ಭೂಮಿ ಬಿಟ್ಟು, ಪೂಜೆಗೆ ಏರ್ಪಾಡು ಮಾಡಿದ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ವೀರಮರಣ ಪಡೆದ ನಾಯಿಗೆ ಇಷ್ಟು ಗೌರವ ಕೊಟ್ಟ ನಾಡು, ಗೋಣಿಚೀಲದ ಮೇಲೆ ನರಳುವ ನಾಯಿಗೆ ‘ತಾನಾಗೇ ಹೋಗಲಿ’ ಎನ್ನುತ್ತದೆ. ನಾಯಿಪಾಡು ಎಂಬ ಪದವನ್ನು ಇದಕ್ಕೇ ಇಟ್ಟಿದ್ದೇವೇನೋ.

ಎದುರು ವಾದದಲ್ಲಿ ಒಂದು ಗಟ್ಟಿಯಾಗಿದೆ. ಬಾಗಿಲು ತೆರೆದರೆ, ಬೇಡವಾದ ನಾಯಿಯನ್ನು ಮುಗಿಸಲು ಜನ ಸಾಲು ನಿಲ್ಲುತ್ತಾರೆ ಎಂಬುದು. ನಿಜ. ಮನೆ ಬದಲಿಸುವಾಗ ಮುದಿ ನಾಯಿಯನ್ನು ಪಾರ್ಕಿನಲ್ಲಿ ಬಿಟ್ಟು ಹೋಗುವವರು ನಮ್ಮ ನಡುವೆಯೇ ಇದ್ದಾರೆ. ಆದ್ದರಿಂದ ಗೆರೆ ಗಟ್ಟಿಯಾಗಿ ಎಳೆಯೋಣ. ಮುಪ್ಪು ಕಾಯಿಲೆಯಲ್ಲ. ಕುರುಡು, ಕಿವುಡು, ಕುಂಟು, ಕಾರ್ಪೆಟ್ ಮೇಲಿನ ಉಚ್ಚೆ ಯಾವುದೂ ಕಾರಣವಲ್ಲ. ರೋಗ ಯಾವುದೆಂದು ಗೊತ್ತಾಗಿರಬೇಕು, ಸಾಧ್ಯವಿದ್ದರೆ ಎರಡನೇ ವೈದ್ಯರನ್ನು ಕೇಳಿರಬೇಕು, ನೋವು ತಗ್ಗಿಸುವ ಪ್ರಯತ್ನ ನಡೆದಿರಬೇಕು. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೋಬೊಸ್ ಒಂದು ಸರಳ ಲೆಕ್ಕ ಕೊಟ್ಟಿದ್ದಾರೆ. ನೋವು, ಹಸಿವು, ದೇಹದ ನೀರಿನಂಶ, ಸ್ವಚ್ಛತೆ, ಸಂತೋಷ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನ ಹೆಚ್ಚಿದೆಯೇ ಎಂಬುದು. ಈ ಏಳಕ್ಕೂ ಸ್ಥಿತಿ ನೋಡಿ 0ಯಿಂದ 10ರವರೆಗೆ ಅಂಕ, ಚೆನ್ನಾಗಿದ್ದಷ್ಟೂ ಹೆಚ್ಚು. ಮೊತ್ತ 35ಕ್ಕಿಂತ ಮೇಲಿದ್ದರೆ ಆರೈಕೆ ಮುಂದುವರಿಸಬಹುದು. ಅಂಕ ನಿರ್ಧಾರ ಮಾಡುವುದಿಲ್ಲ, ನಮಗೆ ನಾವೇ ಸುಳ್ಳು ಹೇಳಿಕೊಳ್ಳುವುದನ್ನು ತಡೆಯುತ್ತದೆ.

ಈ ಸುಳ್ಳಿಗೆ ಇನ್ನೊಂದು ಮುಖವಿದೆ. ‘ಏನಾದರೂ ಮಾಡಿ ಉಳಿಸಿ ಡಾಕ್ಟ್ರೇ’ ಎನ್ನುವುದು. ಸಾಲ ಮಾಡಿ, ನಗರದಿಂದ ನಗರಕ್ಕೆ ಹೊತ್ತೊಯ್ದು, ಬೋನಿನಲ್ಲಿ ಅಪರಿಚಿತರ ನಡುವೆ ಮಲಗಿಸಿ ಇನ್ನೊಂದು ವಾರ ಗಳಿಸುವುದು ಬಹಳ ಸಲ ನಮ್ಮ ಸಮಾಧಾನಕ್ಕೆ, ನಾಯಿಗಲ್ಲ. ಹಣವಿಲ್ಲ ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳುವುದರಲ್ಲಿ ನಾಚಿಕೆಯಿಲ್ಲ. ಕೊನೆಯ ದಿನಗಳಲ್ಲಿ ಬೇಕಾಗುವುದು ನೋವಿನ ಔಷಧಿ, ವಾಂತಿ ತಡೆ, ಒಣ ಹಾಸಿಗೆ, ಗೊತ್ತಿರುವ ಕೈ.

ಆ ಗಳಿಗೆ ಬಂದಾಗ ಕೋಣೆಯೊಳಗೇ ಇರಿ. ಕಾಂಪೌಂಡರ್ ಕೈಗೆ ಬೆಲ್ಟು ಕೊಟ್ಟು ಹೊರಗೆ ನಿಲ್ಲುವುದೇ ನಿಜವಾದ ಕೈಬಿಡುವಿಕೆ. ಮೊದಲು ಮಂಪರಿನ ಚುಚ್ಚುಮದ್ದು, ನಾಯಿ ನಿದ್ದೆ ಹೋದ ಮೇಲೆ ಅರಿವಳಿಕೆಯ ಅತಿ ಪ್ರಮಾಣ. ಕೆಲವೇ ನಿಮಿಷಗಳಲ್ಲಿ ಉಸಿರು, ಎದೆ ನಿಲ್ಲುತ್ತವೆ. ಕಣ್ಣು ತೆರೆದೇ ಇರಬಹುದು, ಕಾಲು ಅದುರಬಹುದು, ಅದು ನೋವಲ್ಲ. ಮಂಪರು ಮೊದಲು ಕೊಡಲೇಬೇಕು ಎಂದು ಮುಂಚೆಯೇ ಮಾತಾಡಿಕೊಳ್ಳಿ. ಮಕ್ಕಳಿಗೆ ‘ಊರಿಗೆ ಹೋಯಿತು’ ಎನ್ನಬೇಡಿ, ಅವು ಬಾಗಿಲು ಕಾಯುತ್ತವೆ.

ಕೆಂಚ ಇನ್ನೂ ಮೊಸರನ್ನ ಕಂಡರೆ ಬಾಲ ಅಲ್ಲಾಡಿಸುತ್ತಾನೆ. ಈ ವಾರ ಅವನ ಅಂಕ 41. ಫ್ರಿಜ್ಜಿನ ಮೇಲೆ ಒಂದು ಚೀಟಿ ಅಂಟಿಸಿದ್ದೇವೆ: ಎರಡು ದಿನ ಊಟ ಮುಟ್ಟದಿದ್ದರೆ, ತಾನಾಗಿ ಏಳಲಾರದಿದ್ದರೆ, ಔಷಧಿ ಕೊಟ್ಟರೂ ರಾತ್ರಿ ನಿದ್ದೆ ಮಾಡದಿದ್ದರೆ ಡಾಕ್ಟರಿಗೆ ಫೋನ್ ಮಾಡುವುದು. ಮನಸ್ಸು ಸ್ಥಿಮಿತದಲ್ಲಿದ್ದಾಗ ಬರೆದದ್ದು, ಅಂದು ಮನಸ್ಸು ಹಿಂಜರಿಯುತ್ತದೆಂದು ಗೊತ್ತಿದ್ದೇ ಬರೆದದ್ದು. ಅಮ್ಮನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ದಿನ ನಂಗೂ ಫೋನ್ ಮಾಡು” ಎಂದಳು. ನಿಮ್ಮ ಮನೆಯಲ್ಲಿ ಮುದಿ ನಾಯಿಯಿದ್ದರೆ ಈ ಭಾನುವಾರವೇ ಅಂಥದೊಂದು ಚೀಟಿ ಬರೆಯಿರಿ.