ದುಡಿಯುವ ತಾಯಿ, ಕಾದಿರುವ ಕೂಸು



ನಮ್ಮ ಬಳಗದ ಮನೆಗಳಲ್ಲಿ ಇತ್ತೀಚೆಗೆ ಒಂದು ಪ್ರಯಾಣವು ವಾಡಿಕೆಯಾಗಿಬಿಟ್ಟಿದೆ. ಮಗ ಸೊಸೆ ಇಂಗ್ಲೆಂಡಿನಲ್ಲಿ ಉದ್ಯೋಗದಲ್ಲಿರುತ್ತಾರೆ. ಕೂಸಿಗೆ ವರ್ಷ ತುಂಬುವ ಮೊದಲೇ ಇಲ್ಲಿಂದ ಅಜ್ಜಿ ವಿಮಾನವೇರುತ್ತಾರೆ. ಸಂದರ್ಶಕರ ವೀಸಾದಲ್ಲಿ ಒಮ್ಮೆಗೆ ಇರಬಹುದಾದುದು ಆರು ತಿಂಗಳು. ಅವರು ಮರಳಿದ ಮೇಲೆ ಬೀಗಿತಿಯವರ ಸರದಿ. ಅದರ ಬಳಿಕ ಯಾರು? ಈ ಪ್ರಶ್ನೆಗೆ ಉತ್ತರ ದೊರೆಯದೆ ಕೈಯಲ್ಲಿದ್ದ ಕೆಲಸವನ್ನು ಬಿಟ್ಟ ತಾಯಂದಿರನ್ನು ನಾವು ಬಲ್ಲೆವು.

ದುಡಿದು ಉಣ್ಣಬೇಕೆಂಬುದು ಹಿರಿಯರು ನಮಗೆ ಕಲಿಸಿದ ಮೊದಲ ಪಾಠ. ಸರ್ಕಾರಗಳೂ ಇಂದು ಅದನ್ನೇ ಹೇಳುತ್ತಿವೆ. ಆದರೆ ದುಡಿಯಲು ಹೊರಟವಳ ಕಂಕುಳಲ್ಲಿರುವ ಕೂಸನ್ನು ಇಳಿಸಲು ಒಂದು ನೆಲೆ ಬೇಡವೆ? ಈ ವಿಷಯದಲ್ಲಿ ಬ್ರಿಟನ್ ದೇಶವು ನಡೆದುಬಂದ ದಾರಿ ನಮ್ಮೆಲ್ಲರ ವಿಚಾರಕ್ಕೆ ಯೋಗ್ಯವಾಗಿದೆ.

ಆ ದೇಶದಲ್ಲಿ ಒಂಟಿ ತಾಯಿ ಅಥವಾ ತಂದೆ ಕೊನೆಯ ಮಗುವಿಗೆ 16 ವರ್ಷವಾಗುವವರೆಗೂ ಕೆಲಸ ಹುಡುಕದೆಯೇ ಸರ್ಕಾರದ ನೆರವು ಪಡೆಯಬಹುದಾಗಿತ್ತು. 2008ರಲ್ಲಿ ಆ ಮಿತಿ 12 ವರ್ಷಕ್ಕೆ ಇಳಿಯಿತು. 2009ರಲ್ಲಿ 10ಕ್ಕೆ, 2010ರಲ್ಲಿ 7ಕ್ಕೆ, 2012ರಲ್ಲಿ 5ಕ್ಕೆ. ಈಗಿನ ಯೂನಿವರ್ಸಲ್ ಕ್ರೆಡಿಟ್ ವ್ಯವಸ್ಥೆಯಲ್ಲಿ ಮಗುವಿಗೆ ಮೂರು ವರ್ಷವಾದೊಡನೆ ಕೆಲಸ ಹುಡುಕುವ ಹೊಣೆ ಬೀಳುತ್ತದೆ. 2023ರ ಅಕ್ಟೋಬರಿನಿಂದ, 3ರಿಂದ 12 ವರ್ಷದ ಮಕ್ಕಳನ್ನು ಸಾಕುವವರು ವಾರಕ್ಕೆ 30 ಗಂಟೆಗಳವರೆಗೆ ದುಡಿಮೆಗೆ ಸಿದ್ಧರಿರಬೇಕೆಂಬ ನಿಯಮವೂ ಬಂದಿತು.

ಹೊಣೆಯನ್ನು ಹೊರಿಸಿದ ಸರ್ಕಾರವು ಅನುಕೂಲವನ್ನೂ ಒದಗಿಸಬೇಕಷ್ಟೆ. 1998ರಲ್ಲಿಯೇ ಅಲ್ಲಿ ರಾಷ್ಟ್ರೀಯ ಶಿಶುಪಾಲನಾ ನೀತಿಯೊಂದು ಪ್ರಕಟವಾಗಿತ್ತು. 2023ರ ಮಾರ್ಚ್ 15ರಂದು ಅರ್ಥಸಚಿವ ಜೆರೆಮಿ ಹಂಟ್ ಅವರು ಮಂಡಿಸಿದ ಆಯವ್ಯಯದಲ್ಲಿ ಎರಡೂ ಮಾತುಗಳು ಒಟ್ಟಿಗೆ ಬಂದವು. ಇಂಗ್ಲೆಂಡಿನ ದುಡಿಯುವ ತಂದೆತಾಯಿಯರ ಒಂಬತ್ತು ತಿಂಗಳು ಮೀರಿದ ಮಕ್ಕಳಿಗೆ ವಾರಕ್ಕೆ 30 ಗಂಟೆಗಳ ಉಚಿತ ಪಾಲನೆಯನ್ನು ಹಂತಹಂತವಾಗಿ ನೀಡುವುದಾಗಿ ಘೋಷಿಸಲಾಯಿತು; 2024ರಲ್ಲಿ ಸರ್ಕಾರ ಬದಲಾದರೂ ಯೋಜನೆ ನಿಲ್ಲದೆ 2025ರ ಸೆಪ್ಟೆಂಬರಿನಲ್ಲಿ ಪೂರ್ಣಗೊಂಡಿತು. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಬೆಳಿಗ್ಗೆ 8ರಿಂದ ಸಂಜೆ 6ರವರೆಗೆ ನೆಲೆ ದೊರೆಯುವಂತೆ ಮಾಡಲು 28.9 ಕೋಟಿ ಪೌಂಡುಗಳನ್ನು ತೆಗೆದಿರಿಸಲಾಯಿತು.

ಇದೇ ಸುಧಾರಣೆಯ ಇನ್ನೊಂದು ಅಂಶವು ಚಿಕ್ಕದಾಗಿ ಕಂಡರೂ ಬಹು ಮುಖ್ಯವಾದುದು. ಯೂನಿವರ್ಸಲ್ ಕ್ರೆಡಿಟ್ ಪಡೆಯುವವರ ಶಿಶುಪಾಲನೆಯ ವೆಚ್ಚದಲ್ಲಿ ಶೇಕಡಾ 85ರವರೆಗೆ ಸರ್ಕಾರವು ಭರಿಸುತ್ತದೆ. ಆದರೆ ಮೊದಲು ತಾಯಿಯೇ ಹಣ ಕಟ್ಟಿ, ರಸೀದಿ ತೋರಿಸಿ, ಬಳಿಕ ಹಿಂಪಡೆಯಬೇಕಿತ್ತು. ಮೊದಲ ಸಂಬಳ ಕೈಸೇರುವ ಮುನ್ನವೇ ತಿಂಗಳ ಶುಲ್ಕವನ್ನು ಬಡವಳು ಎಲ್ಲಿಂದ ತರಬೇಕು? ಸಾಲ ಮಾಡಬೇಕು, ಇಲ್ಲವೆ ಕೆಲಸವನ್ನೇ ಕೈಬಿಡಬೇಕು. 2023ರ ಜೂನ್‌ನಿಂದ, ಕೆಲಸಕ್ಕೆ ಸೇರುವವರಿಗೂ ದುಡಿಮೆಯ ಗಂಟೆ ಹೆಚ್ಚಿಸಿಕೊಳ್ಳುವವರಿಗೂ ಆ ಹಣವನ್ನು ಮುಂಗಡವಾಗಿಯೇ ಕೊಡುವ ಏರ್ಪಾಡಾಯಿತು. ಒಂದು ಮಗುವಿಗೆ ತಿಂಗಳ ಗರಿಷ್ಠ ನೆರವು ಸುಮಾರು 646 ಪೌಂಡಿನಿಂದ 951 ಪೌಂಡಿಗೆ ಏರಿತು. ಹಸಿದವನಿಗೆ ನಾಳೆಯ ಊಟದ ಚೀಟಿ ಕೊಟ್ಟರೆ ಇಂದಿನ ಹಸಿವು ಹಿಂಗದೆಂಬ ಸತ್ಯವು ತಡವಾಗಿಯಾದರೂ ಅಧಿಕಾರಿಗಳಿಗೆ ಮನವರಿಕೆಯಾಯಿತು.

ಕೊರತೆಗಳಿಲ್ಲವೆಂದಲ್ಲ. ಉಚಿತ ಗಂಟೆಗಳ ಲೆಕ್ಕವು ವರ್ಷಕ್ಕೆ 38 ವಾರಗಳದ್ದು. ಶಾಲೆಯ ರಜೆ ಬಂದಾಗ ತಾಯಿಯ ಚಿಂತೆ ಮತ್ತೆ ಮೊದಲಾಗುತ್ತದೆ. ಶಾಲೆಯ ನಂತರದ ಕೇಂದ್ರಗಳಿಗೆ ದೊರೆತುದು ಆರಂಭದ ಬಂಡವಾಳ ಮಾತ್ರ. ಶುಲ್ಕವನ್ನು ಪೋಷಕರೇ ತೆರಬೇಕು. ನಮ್ಮವರಿಗೆ ಇನ್ನೂ ಒಂದು ತೊಡಕಿದೆ. ಸರ್ಕಾರಿ ನೆರವಿಗೆ ಅರ್ಹತೆಯಿಲ್ಲದ ವೀಸಾದಲ್ಲಿ ತಂದೆತಾಯಿ ಇಬ್ಬರೂ ಇದ್ದರೆ, ತೆರಿಗೆ ಕಟ್ಟುತ್ತಿದ್ದರೂ ಈ 30 ಗಂಟೆಗಳು ಅವರಿಗಿಲ್ಲ; ಮೂರು ನಾಲ್ಕು ವರ್ಷದ ಮಕ್ಕಳೆಲ್ಲರಿಗೂ ಸಲ್ಲುವ 15 ಗಂಟೆಗಳಷ್ಟೇ ಅವರ ಪಾಲಿಗೆ. ಅಜ್ಜಿಯರ ವಿಮಾನಯಾನದ ಗುಟ್ಟು ಇಲ್ಲಿದೆ.

ಇದರಿಂದ ನಾವು ತಿಳಿಯಬೇಕಾದುದೇನು? ಮೊದಲು ಕೂಸಿಗೆ ನೆಲೆ, ಆಮೇಲೆ ತಾಯಿಗೆ ದುಡಿಮೆಯ ಕಟ್ಟಳೆ. ಈ ಕ್ರಮ ತಪ್ಪಿದರೆ ಸುಧಾರಣೆಯು ಶಿಕ್ಷೆಯಾಗುತ್ತದೆ. ನೆರವು ಖರ್ಚಿಗೆ ಮುನ್ನವೇ ಬರಬೇಕು. ಮಕ್ಕಳನ್ನು ನೋಡಿಕೊಳ್ಳುವವಳಿಗೂ ಬದುಕಲು ಸಾಲುವಷ್ಟು ಸಂಬಳವಿರಬೇಕು; ಒಬ್ಬ ತಾಯಿಯ ದುಡಿಮೆಯು ಇನ್ನೊಬ್ಬ ತಾಯಿಯ ಬಡತನದ ಮೇಲೆ ನಿಲ್ಲಬಾರದು.

ನಮ್ಮ ನಾಡಿನಲ್ಲಿಯೂ ಈ ವಿಚಾರ ಹೊಸದಲ್ಲ. 2005ರ ಉದ್ಯೋಗ ಖಾತ್ರಿ ಕಾಯಿದೆಯಲ್ಲಿಯೇ, ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬ ಮಹಿಳೆಯನ್ನು ಕೂಲಿ ಕೊಟ್ಟು ನೇಮಿಸಬೇಕೆಂಬ ನಿಯಮವಿತ್ತು. 2023ರಲ್ಲಿ ಕರ್ನಾಟಕ ಸರ್ಕಾರವು ದುಡಿಯುವ ಗ್ರಾಮೀಣ ಮಹಿಳೆಯರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುವುದಾಗಿ ಘೋಷಿಸಿತು. ಹೆಸರೇ ಎಷ್ಟು ಹಿತವಾಗಿದೆ! ಆದರೆ ಶಾಲೆ ಬಿಟ್ಟ ಮೇಲೆ, ತಾಯಿ ಮನೆ ಸೇರುವ ಮುನ್ನ, ಆ ಎರಡು ಮೂರು ಗಂಟೆ ಬೀದಿಯಲ್ಲಿ ಕಳೆಯುವ ಏಳೆಂಟು ವರ್ಷದ ಮಕ್ಕಳ ಗತಿಯೇನು? ಕೊರಳಿಗೆ ಬೀಗದ ಕೈ ತೂಗುಹಾಕಿಕೊಂಡ ಮಗುವನ್ನು ನಮ್ಮ ಪಟ್ಟಣಗಳಲ್ಲಿ ಯಾರು ನೋಡಿಲ್ಲ?

ಇಲ್ಲಿ ಸಮಾಜದ ಹೊಣೆಯೂ ಇದೆ. ಊರೂರಿನಲ್ಲಿ ನಾವು ಕಟ್ಟಿಸಿದ ಸಮುದಾಯ ಭವನಗಳು, ಕಲ್ಯಾಣ ಮಂಟಪಗಳು ಮದುವೆಯಿಲ್ಲದ ದಿನಗಳಲ್ಲಿ ಬೀಗ ಹಾಕಿಕೊಂಡಿರುತ್ತವೆ. ಅಲ್ಲಿನ ಒಂದು ಕೋಣೆಯನ್ನು ಸಂಜೆ ನಾಲ್ಕರಿಂದ ಏಳರವರೆಗೆ ಮಕ್ಕಳಿಗಾಗಿ ತೆರೆಯಲಾಗದೆ? ಕುಡಿಯಲು ಹಾಲು, ಕೂರಲು ಜಮಖಾನೆ, ಪಾಠ ಹೇಳಿಕೊಡಲು ನಿವೃತ್ತ ಶಿಕ್ಷಕರೊಬ್ಬರು, ತಕ್ಕ ಸಂಬಳದ ಮೇಲೆ ಒಬ್ಬ ಆಯಾ. ಇಷ್ಟಾದರೆ ಸಾಕು. ಜಾತಿಮತ ಕೇಳದೆ ಮನೆಗೆಲಸದವಳ ಮಗುವೂ ಅಧಿಕಾರಿಯ ಮಗುವೂ ಅಲ್ಲಿ ಒಂದೇ ಜಮಖಾನೆಯ ಮೇಲೆ ಕೂರಲಿ. ಸರ್ಕಾರ ಮಾಡಬೇಕಾದುದನ್ನು ಸರ್ಕಾರದಿಂದ ಕೇಳೋಣ. ನಮ್ಮಿಂದಾಗುವುದನ್ನು ನಾವು ಕೇಳಿಸಿಕೊಳ್ಳದೆಯೇ ಮಾಡೋಣ. ಈ ತಿಂಗಳ ಸಭೆಯಲ್ಲಿ ನಿಮ್ಮ ಊರಿನ ಭವನದ ಬೀಗದ ಕೈ ಯಾರ ಬಳಿಯಿದೆಯೆಂದು ವಿಚಾರಿಸಿರಿ. ಕೆಲಸವು ಅಲ್ಲಿಂದಲೇ ಆರಂಭವಾಗಲಿ.