ಪ್ಯಾಡಿ ಸರ್ ಬಿಟ್ಟುಹೋದ ಖಾತೆ

ತಾಣು ಪದ್ಮನಾಭನ್ ಅಂದರೆ ನಮ್ಮವರಲ್ಲಿ ಎಷ್ಟು ಜನಕ್ಕೆ ಗೊತ್ತೋ! ಪುಣೆಯಲ್ಲೇ ಮೂವತ್ತು ವರ್ಷ ಕಳೆದ ನನ್ನ ಸ್ನೇಹಿತರೊಬ್ಬರು "ಯಾರ್ರೀ ಅವ್ರು, ಸಂಗೀತಗಾರರಾ?" ಅಂತ ಕೇಳಿದ್ದರು. ಅವರನ್ನು ದೂರಿ ಫಲವಿಲ್ಲ. ನಮ್ಮ ಪೇಪರುಗಳಲ್ಲಿ ವಿಜ್ಞಾನಿಗೆ ಜಾಗ ಸಿಗುವುದು ಎರಡೇ ಸಲ. ಒಂದು, ಪ್ರಶಸ್ತಿ ಬಂದಾಗ. ಇನ್ನೊಂದು, ಸತ್ತಾಗ. ಎರಡನೇ ಸಲದ ಸುದ್ದಿಯಲ್ಲೂ ಮೊದಲ ಸಲದ ಪಟ್ಟಿಯನ್ನೇ ಮತ್ತೆ ಹಾಕಿರುತ್ತಾರೆ.

2021ರ ಸೆಪ್ಟೆಂಬರ್ 17, ಶುಕ್ರವಾರ. ಪುಣೆಯಲ್ಲಿ ಗಣಪತಿ ಹಬ್ಬ ನಡೆಯುತ್ತಿತ್ತು, ಅನಂತ ಚತುರ್ದಶಿಗೆ ಎರಡೇ ದಿನ. ಕೊರೋನಾ ಕಾಲವಾದ್ದರಿಂದ ಡೋಲು ತಾಸೆ ಸದ್ದಿಲ್ಲ. ಆ ದಿನ ಪದ್ಮನಾಭನ್ ತಮ್ಮ ಪುಣೆಯ ಮನೆಯಲ್ಲೇ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 64. ಅದೇ ವರ್ಷ ಕೇರಳ ಸರ್ಕಾರ ಜೀವಮಾನದ ಸಾಧನೆಗಾಗಿ ಅವರಿಗೆ ವಿಜ್ಞಾನ ಪುರಸ್ಕಾರ ಕೊಟ್ಟಿತ್ತು. ಜೀವಮಾನದ್ದು ಅಂತ ಕೊಡುವಾಗ, ಆ ಜೀವಮಾನ ಇಷ್ಟು ಬೇಗ ಮುಗಿಯುತ್ತದೆ ಅಂತ ಯಾರು ಅಂದುಕೊಂಡಿರುತ್ತಾರೆ ಹೇಳಿ?

ಪಟ್ಟಿ ಬೇಕೇ ಬೇಕು ಅನ್ನುವವರಿಗಾಗಿ ಬೇಗ ಹೇಳಿ ಮುಗಿಸುತ್ತೇನೆ. 1996ರಲ್ಲಿ ಭಟ್ನಾಗರ್ ಪ್ರಶಸ್ತಿ, 2007ರಲ್ಲಿ ಪದ್ಮಶ್ರೀ, 2009ರಲ್ಲಿ ಭೌತವಿಜ್ಞಾನಕ್ಕೆ ಇನ್ಫೋಸಿಸ್ ಪ್ರಶಸ್ತಿ. ಪುಣೆ ವಿಶ್ವವಿದ್ಯಾಲಯದ ಆವರಣದಲ್ಲಿರುವ ಐಯುಕಾದಲ್ಲಿ, ಅಂದರೆ ಜಯಂತ ನಾರ್ಳೀಕರರು ಕಟ್ಟಿದ ಖಗೋಳ ವಿಜ್ಞಾನ ಕೇಂದ್ರದಲ್ಲಿ, 1992ರಿಂದ ಕೊನೆಯವರೆಗೂ ಪ್ರೊಫೆಸರ್. ಶಿಷ್ಯರಿಗೂ ಸ್ನೇಹಿತರಿಗೂ ಅವರು 'ಪ್ಯಾಡಿ'. ನಾನು ಅವರನ್ನು ಭೇಟಿಯಾದವನಲ್ಲ, ಅವರ ಶಿಷ್ಯನಂತೂ ಅಲ್ಲವೇ ಅಲ್ಲ. ಬಿಕಾಂ ಮಾಡಿ ಬ್ಯಾಂಕಿನಲ್ಲಿ ಡೆಬಿಟ್ಟು ಕ್ರೆಡಿಟ್ಟು ನೋಡಿಕೊಂಡು ಬಂದವನು. ಆದರೂ ಮನಸ್ಸಿನಲ್ಲೇ ಅವರನ್ನು 'ಸರ್' ಅನ್ನುತ್ತೇನೆ. ಯಾಕೆ ಅನ್ನುವುದೇ ಈ ಬರಹ.

ಮೊದಲು ಅವರ ಊರಿನ ಕಥೆ. 1957ರ ಮಾರ್ಚ್ 10ರಂದು ತಿರುವನಂತಪುರದಲ್ಲಿ ಹುಟ್ಟಿದರು. ತಂದೆ ತಾಣು ಅಯ್ಯರ್ ಕೇರಳದ ಅರಣ್ಯ ಇಲಾಖೆಯಲ್ಲಿ ನೌಕರಿ. ಹುಡುಗ ಓದಿದ್ದು ಐಐಟಿಯಲ್ಲಲ್ಲ, ಅದೇ ಊರಿನ ಸರ್ಕಾರಿ ಯೂನಿವರ್ಸಿಟಿ ಕಾಲೇಜಿನಲ್ಲಿ, ಬಿಎಸ್ಸಿ ಆಮೇಲೆ ಎಂಎಸ್ಸಿ. ಕಾಲೇಜಿನ ಸಿಲಬಸ್ಸಿಗೆ ಕಾಯದೆ ಫೈನ್‌ಮನ್ನರ ಉಪನ್ಯಾಸಗಳನ್ನೂ ಲ್ಯಾಂಡೌ-ಲಿಫ್‌ಶಿಟ್ಜರ ಕಠಿಣ ಪುಸ್ತಕಗಳನ್ನೂ ತಾವಾಗಿಯೇ ಓದಿಕೊಂಡರು. ಇಪ್ಪತ್ತನೇ ವಯಸ್ಸಿನಲ್ಲಿ, ಇನ್ನೂ ಬಿಎಸ್ಸಿ ವಿದ್ಯಾರ್ಥಿಯಾಗಿರುವಾಗಲೇ, ಐನ್‌ಸ್ಟೈನರ ಸಾಮಾನ್ಯ ಸಾಪೇಕ್ಷತೆಯ ಮೇಲೆ ಅವರ ಮೊದಲ ಸಂಶೋಧನಾ ಲೇಖನ ಅಚ್ಚಾಯಿತು. ಆ ವಯಸ್ಸಿನಲ್ಲಿ ನಾವೆಲ್ಲ ಏನು ಮಾಡುತ್ತಿದ್ದೆವು ಅಂತ ನೆನಪಿಸಿಕೊಳ್ಳದಿರುವುದೇ ವಾಸಿ.

1979ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಬಂದರು. ಗಮನಿಸಿ, ಅವರೂ ನಮ್ಮ ಹಾಗೆ ಊರು ಬಿಟ್ಟು ಬಂದವರೇ! ಇಪ್ಪತ್ತೆರಡರಲ್ಲಿ ಮುಂಬಯಿ, ಮೂವತ್ತೈದರಲ್ಲಿ ಪುಣೆ. ನಾರ್ಳೀಕರರ ಕೈಕೆಳಗೆ 1983ರಲ್ಲಿ ಪಿಎಚ್‌ಡಿ. ಆಮೇಲೆ ವಿದೇಶಗಳಿಗೆ ಹೋಗಿ ಬಂದರೂ ಬೇರು ಬಿಟ್ಟಿದ್ದು ಇಲ್ಲೇ. ಗುರುವಿಗಿಂತ ಶಿಷ್ಯ ಮೊದಲು ಹೋದದ್ದು ಇನ್ನೊಂದು ನೋವು. ನಾರ್ಳೀಕರರು ತೀರಿಕೊಂಡದ್ದು 2025ರ ಮೇ ತಿಂಗಳಲ್ಲಿ, 86ನೇ ವಯಸ್ಸಿನಲ್ಲಿ.

ಇನ್ನು ಅವರ ವಿಜ್ಞಾನ. ಹೆದರಬೇಡಿ, ನನಗೆ ತಿಳಿದಷ್ಟನ್ನೇ ಬ್ಯಾಂಕಿನ ಭಾಷೆಯಲ್ಲಿ ಹೇಳುತ್ತೇನೆ.

ಒಬ್ಬ ಗ್ರಾಹಕ ನಾಳೆ ಎಷ್ಟು ದುಡ್ಡು ತೆಗೆಯುತ್ತಾನೆ? ದೇವರಿಗೂ ಗೊತ್ತಿಲ್ಲ. ಆದರೆ ಒಂದನೇ ತಾರೀಖಿಗೆ ಬ್ರಾಂಚಿನಲ್ಲಿ ಎಷ್ಟು ಕ್ಯಾಶ್ ಇಟ್ಟಿರಬೇಕು ಅನ್ನುವುದು ಹಳೇ ಕ್ಯಾಷಿಯರಿಗೆ ಗೊತ್ತು. ಅದು ಒಬ್ಬ ಗ್ರಾಹಕನ ಗುಣವಲ್ಲ, ಗುಂಪಿನ ಗುಣ. ಬಿಸಿ ಅನ್ನುವುದೂ ಹೀಗೆಯೇ. ಒಂದೇ ಒಂದು ನೀರಿನ ಅಣುವಿಗೆ ಉಷ್ಣಾಂಶ ಅನ್ನುವುದಿಲ್ಲ, ಕೋಟ್ಯಂತರ ಅಣುಗಳು ಸೇರಿದಾಗ ಅದು ಕಾಣಿಸಿಕೊಳ್ಳುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಬೋಲ್ಟ್ಸ್‌ಮನ್ ಕಂಡುಕೊಂಡದ್ದರ ಸಾರ ಇದು. ಒಂದು ವಸ್ತು ಬಿಸಿಯಾಗುತ್ತದೆ ಅಂದರೆ ಅದರೊಳಗೆ ಕಣ್ಣಿಗೆ ಕಾಣದ ಬಿಡಿ ಬಿಡಿ ಕಣಗಳಿರಲೇಬೇಕು.

1970ರ ದಶಕದಲ್ಲಿ ಹಾಕಿಂಗ್ ಮೊದಲಾದವರು ಕಪ್ಪುಕುಳಿಗೂ ಉಷ್ಣಾಂಶ ಇದೆ ಎಂದು ಲೆಕ್ಕ ಹಾಕಿ ತೋರಿಸಿದರು. (ಅದೇ ಕಪ್ಪುಕುಳಿಯನ್ನು ಅಲುಗಾಡಿಸಿದರೆ ಹೇಗೆ ಕಂಪಿಸಿ ತಣ್ಣಗಾಗುತ್ತದೆ ಅಂತ 1970ರಲ್ಲಿ ತೋರಿಸಿದ್ದು ನಮ್ಮ ಕನ್ನಡದವರೇ ಆದ ಸಿ.ವಿ. ವಿಶ್ವೇಶ್ವರ. ಬೆಂಗಳೂರಿನ ನೆಹರೂ ತಾರಾಲಯವನ್ನು ಕಟ್ಟಿ ಬೆಳೆಸಿದವರೂ ಅವರೇ, 2017ರಲ್ಲಿ ಹೋಗಿಬಿಟ್ಟರು.) ಹಾಗಾದರೆ ಖಾಲಿ ಜಾಗ, ಅಂದರೆ ದೇಶ-ಕಾಲ ಅನ್ನುತ್ತೇವಲ್ಲ, ಅದಕ್ಕೂ 'ಅಣು'ಗಳಿವೆಯೇ? ಗುರುತ್ವಾಕರ್ಷಣೆ ಅನ್ನುವುದೂ ಬಿಸಿಯ ಹಾಗೆ ಗುಂಪಿನ ಗುಣವೇ? 1995ರಲ್ಲಿ ಅಮೆರಿಕದ ಟೆಡ್ ಜೇಕಬ್‌ಸನ್ ಈ ದಾರಿಯಲ್ಲಿ ಒಂದು ದೊಡ್ಡ ಹೆಜ್ಜೆ ಇಟ್ಟಿದ್ದರು. ಪದ್ಮನಾಭನ್ 2002ರ ಹೊತ್ತಿಗೆ ಇನ್ನೊಂದು ಕಡೆಯಿಂದ ಬಂದು, ಕಪ್ಪುಕುಳಿಯ ಅಂಚಿನಲ್ಲಿ ಐನ್‌ಸ್ಟೈನರ ಸಮೀಕರಣಗಳು ಉಗಿಯಂತ್ರದ ಕಾಲದ ಉಷ್ಣ-ಶಕ್ತಿಯ ಸಮೀಕರಣದ ರೂಪವನ್ನೇ ತಾಳುತ್ತವೆ ಎಂದು ತೋರಿಸಿದರು. ಮುಂದಿನ ಇಪ್ಪತ್ತು ವರ್ಷ ಈ ಒಂದು ಯೋಚನೆಯ ಬೆನ್ನು ಬಿಡಲಿಲ್ಲ. ಇದು ಇನ್ನೂ ಸಾಬೀತಾಗಿಲ್ಲ, ಒಪ್ಪದ ವಿಜ್ಞಾನಿಗಳೂ ಇದ್ದಾರೆ. ಆದರೆ ಪ್ರಶ್ನೆ ಎಷ್ಟು ದೊಡ್ಡದು ನೋಡಿ!

ಅವರನ್ನು ಕಾಡಿದ ಇನ್ನೊಂದು ವಿಷಯ ನಮ್ಮಂಥ ಲೆಕ್ಕದವರ ಎದೆ ನಡುಗಿಸುವಂಥದ್ದು. ವಿಶ್ವ ಹಿಗ್ಗುತ್ತಿರುವ ವೇಗ ಹೆಚ್ಚುತ್ತಿದೆ ಎಂದು 1998ರಲ್ಲಿ ಗೊತ್ತಾಯಿತು. ಹೀಗೆ ಹಿಗ್ಗಿಸುವ ಶಕ್ತಿ ಖಾಲಿ ಜಾಗದ್ದೇ ಅಂತಿಟ್ಟುಕೊಂಡು ಸಿದ್ಧಾಂತದ ಪ್ರಕಾರ ಸರಳವಾಗಿ ಲೆಕ್ಕ ಹಾಕಿದರೆ ಬರುವ ಮೊತ್ತಕ್ಕೂ ಆಕಾಶದಲ್ಲಿ ಕಾಣುವ ಮೊತ್ತಕ್ಕೂ ವ್ಯತ್ಯಾಸ ಎಷ್ಟು ಗೊತ್ತೇ? ಒಂದರ ಮುಂದೆ ಸುಮಾರು 120 ಸೊನ್ನೆ ಹಾಕಿದಷ್ಟು ಪಟ್ಟು! ನಮ್ಮಲ್ಲಿ ಸಂಜೆ ಹತ್ತು ರೂಪಾಯಿ ಟ್ಯಾಲಿ ಆಗದಿದ್ದರೆ ಯಾರೂ ಮನೆಗೆ ಹೋಗುವ ಹಾಗಿರಲಿಲ್ಲ. ಇಲ್ಲಿ ಇಡೀ ಬ್ರಹ್ಮಾಂಡದ ಲೆಡ್ಜರೇ ಟ್ಯಾಲಿ ಆಗುತ್ತಿಲ್ಲ. ಇದರ ಬಗ್ಗೆ 2003ರಲ್ಲಿ ಅವರು ಬರೆದ ದೀರ್ಘ ಲೇಖನವನ್ನು ಜಗತ್ತಿನಾದ್ಯಂತ ಸಂಶೋಧಕರು ಓದುತ್ತಾರೆ. 2017ರಲ್ಲಿ ಮಗಳು ಹಂಸಾ ಜೊತೆ ಸೇರಿ ಇದೇ ಗಂಟಿಗೆ ಒಂದು ಪರಿಹಾರವನ್ನೂ ಮುಂದಿಟ್ಟರು. ಮಗಳೂ ಖಗೋಳ ಭೌತವಿಜ್ಞಾನಿ. ಕೆಲಸ ನಡೆಯುತ್ತಿತ್ತು... ಅಷ್ಟರಲ್ಲಿ ಆ 17ನೇ ತಾರೀಖು ಬಂತು.

ಇಷ್ಟಾದರೂ, ನನ್ನಂಥವನಿಗೆ ಅವರು 'ಸರ್' ಆದದ್ದು ಇದರಿಂದಲ್ಲ. ಒಂದು ಕಾಮಿಕ್ಸ್ ಪುಸ್ತಕದಿಂದ.

ಹೌದು, ಕಾಮಿಕ್ಸೇ. 'ಭೌತವಿಜ್ಞಾನದ ಕಥೆ' ಅಂತ ಇಂಗ್ಲಿಷಿನಲ್ಲಿ ಅವರು ಬರೆದ ಚಿತ್ರಕಥೆ. 1980ರ ದಶಕದಲ್ಲಿ ಮುಂಬಯಿಯಿಂದ ಬರುತ್ತಿದ್ದ 'ಸೈನ್ಸ್ ಏಜ್' ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿತ್ತು, ಮುಂದೆ ವಿಜ್ಞಾನ ಪ್ರಸಾರ್ ಅದನ್ನು ಪುಸ್ತಕ ಮಾಡಿತು, ಹಲವು ಭಾರತೀಯ ಭಾಷೆಗಳಿಗೂ ಹೋಯಿತು. ಮಗಳಿಗೆ ಅಂತ ಪುಸ್ತಕ ಮೇಳವೊಂದರಲ್ಲಿ ಕೊಂಡುತಂದೆ. ಮಗಳಿಗಿಂತ ಮೊದಲು ನಾನೇ ಓದಿ ಮುಗಿಸಿದೆ. ಗೆಲಿಲಿಯೋ ಏನು ಕೇಳಿದ, ನ್ಯೂಟನ್ ಅದನ್ನು ಎಲ್ಲಿಂದ ಮುಂದುವರಿಸಿದ ಅನ್ನುವುದು ನನಗೆ ಅರ್ಥವಾದದ್ದು ಪಿಯುಸಿ ಪಠ್ಯದಿಂದಲ್ಲ, ಆ ಚಿತ್ರಗಳಿಂದ.

ಈಗ ಇನ್ನೊಂದು ಪಕ್ಕ ನೋಡಿ. ಇದೇ ಮನುಷ್ಯ 2000ದಿಂದ 2002ರೊಳಗೆ ಸೈದ್ಧಾಂತಿಕ ಖಗೋಳ ಭೌತಶಾಸ್ತ್ರದ ಮೂರು ದಪ್ಪ ಸಂಪುಟ ಬರೆದರು, 2010ರಲ್ಲಿ ಗುರುತ್ವದ ಬಗ್ಗೆ ಇನ್ನೊಂದು ಬೃಹತ್ ಪಠ್ಯ. ಅದರ ನಡುವೆಯೇ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಹೊರತರುವ 'ರೆಸೊನೆನ್ಸ್' ಎಂಬ ವಿದ್ಯಾರ್ಥಿಗಳ ಪತ್ರಿಕೆಗೆ ಅಂಕಣ ಬರೆಯುತ್ತಿದ್ದರು. ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ಅಕಾಡೆಮಿ ಅದು. ಪ್ರಾಚೀನ ಕಾಲದಿಂದ ವಿಜ್ಞಾನ ಬೆಳೆದುಬಂದ ಬಗೆಯ ಮೇಲೆ ಅಲ್ಲಿ ಬರೆದದ್ದು 2019ರಲ್ಲಿ ಪತ್ನಿ ವಸಂತಿಯವರ ಜೊತೆ ಸೇರಿ ತಂದ ಪುಸ್ತಕವಾಯಿತು. ಕೇರಳದ ಮಾಧವ ಮತ್ತು ಅವನ ಪರಂಪರೆಯವರ ಗಣಿತಕ್ಕೂ ಆ ಸರಣಿಯಲ್ಲಿ ಜಾಗವಿತ್ತು. ಅಲ್ಲೂ "ಎಲ್ಲ ನಮ್ಮವರೇ ಕಂಡುಹಿಡಿದದ್ದು" ಅನ್ನುವ ವಾಟ್ಸಾಪ್ ಗದ್ದಲವಿಲ್ಲ. ಮಾಡಿದ್ದನ್ನು ಮಾಡಿದ್ದಾರೆ ಅಂತ ಹೇಳುವ ಶಿಸ್ತು ಇದೆ.

ಅಂದರೆ ಮಕ್ಕಳಿಗೆ ಚಿತ್ರಕಥೆ, ಕಾಲೇಜಿನವರಿಗೆ ಅಂಕಣ, ಸಂಶೋಧಕರಿಗೆ ಸಂಪುಟ, ಪರಿಣತರಿಗೆ ಲೇಖನ. ಒಂದೇ ಕೈ. ದೊಡ್ಡ ವಿಜ್ಞಾನಿಗಳಲ್ಲಿ ಅನೇಕರು ಮಕ್ಕಳಿಗೆ ಬರೆಯುವುದನ್ನು ಬಿಡುವಿನ ವೇಳೆಯ ದಾನ ಅಂದುಕೊಳ್ಳುತ್ತಾರೆ. ಇವರ ಪುಸ್ತಕ ಓದಿದಾಗ ದಾನದ ವಾಸನೆಯೇ ಬರುವುದಿಲ್ಲ. ಸಾಲ ತೀರಿಸುವವನ ಶ್ರದ್ಧೆ ಕಾಣುತ್ತದೆ. ತಿರುವನಂತಪುರದ ಹುಡುಗನಿಗೆ ಫೈನ್‌ಮನ್ ಪುಸ್ತಕ ಸಿಕ್ಕಿತ್ತಲ್ಲ, ಆ ಸಾಲ. ಇದು ನನ್ನ ಊಹೆ, ಅವರ ಮಾತಲ್ಲ. ಆದರೆ ಮೂವತ್ತು ವರ್ಷ ಸಾಲದ ಕಡತ ನೋಡಿದವನಿಗೆ ಇಷ್ಟು ಊಹಿಸುವ ಹಕ್ಕಿದೆ ಅಂದುಕೊಳ್ಳುತ್ತೇನೆ.

ಸಾಲ ಅಂದಾಗ ಇನ್ನೊಂದು ಹೇಳಬೇಕು. ನನ್ನ ಮೇಜಿಗೆ ಬಂದ ಶಿಕ್ಷಣ ಸಾಲದ ಅರ್ಜಿಗಳಿಗೆ ಲೆಕ್ಕವಿಲ್ಲ. ಇಂಜಿನಿಯರಿಂಗ್, ಮೆಡಿಕಲ್, ಎಂಬಿಎ, ಈಚೆಗೆ ಡೇಟಾ ಸೈನ್ಸ್. ಬಿಎಸ್ಸಿ ಫಿಸಿಕ್ಸ್‌ಗೆ ಅಂತ ಬಂದದ್ದು ಬೆರಳೆಣಿಕೆ. ಅದರ ಫೀಸು ಕಡಿಮೆ, ಸಾಲ ಬೇಕಿಲ್ಲ ಅನ್ನಬಹುದು. ಅದೊಂದೇ ಕಾರಣ ಅಲ್ಲ ಅಂತ ನಿಮಗೂ ಗೊತ್ತು. ನಮ್ಮ ವಲಸಿಗರ ಮನೆಗಳಲ್ಲಿ ಭೌತಶಾಸ್ತ್ರ ಅಂದರೆ ಜೆಇಇ ದಾಟಲು ತುಳಿಯುವ ಒಂದು ಮೆಟ್ಟಿಲು. ದಾಟಿದ ಮೇಲೆ ಪುಸ್ತಕ ರದ್ದಿಗೆ. "ಬಿಎಸ್ಸಿ ಮಾಡ್ತೀನಿ" ಅಂದ ಮಗುವಿಗೆ "ಯಾಕೆ, ಸೀಟು ಸಿಗಲಿಲ್ಲವಾ?" ಅಂತ ಕೇಳುವವರು ನಾವು.

ಊರು ಬಿಟ್ಟು ಬಂದು, ಬಾಡಿಗೆ ಮನೆ ಬದಲಿಸಿ ಬದಲಿಸಿ ಒಂದು ಫ್ಲ್ಯಾಟ್ ಮಾಡಿಕೊಂಡವರಿಗೆ ಭದ್ರತೆಯ ಚಿಂತೆ ಸಹಜ. ಅದನ್ನು ಹಗುರವಾಗಿ ಆಡುವವನು ನಾನಲ್ಲ. ಎಲ್ಲ ಮಕ್ಕಳೂ ಪದ್ಮನಾಭನ್ ಆಗುವುದಿಲ್ಲ, ಸಂಶೋಧನೆಯಲ್ಲಿ ನೌಕರಿ ಸಿಗುವುದು ಕಷ್ಟ, ಸಂಬಳ ಬರುವಷ್ಟರಲ್ಲಿ ಮೂವತ್ತು ದಾಟಿರುತ್ತದೆ. ಇವೆಲ್ಲ ನಿಜವಾದ ರಿಸ್ಕುಗಳೇ. ಆದರೆ ರಿಸ್ಕ್ ಇದೆ ಅಂತ ಅರ್ಜಿಯನ್ನೇ ತೆಗೆದು ನೋಡದೆ ಹರಿಯುವ ಮ್ಯಾನೇಜರನ್ನು ಒಳ್ಳೆಯ ಮ್ಯಾನೇಜರ್ ಅನ್ನುವುದಿಲ್ಲ. ಪಾರ್ಟಿಯನ್ನು ಕೂರಿಸಿ ಮಾತಾಡಿಸಬೇಕು. ಸಿಲಬಸ್ ಆಚೆ ಏನು ಓದಿದ್ದಾನೆ? ಪರೀಕ್ಷೆಗೆ ಬಾರದ ಪ್ರಶ್ನೆ ಎಷ್ಟು ಕೇಳುತ್ತಾಳೆ? ಆ ಹಸಿವು ಕಂಡರೆ ಆಮೇಲೆ ಸೀಟಿನ ಮಾತು ಬೇಡ. ಸಾಧಾರಣ ಸರ್ಕಾರಿ ಕಾಲೇಜು ಸಾಕಾಗುತ್ತದೆ ಅನ್ನುವುದಕ್ಕೆ ತಿರುವನಂತಪುರದ ಈ ಹುಡುಗನಿಗಿಂತ ಬೇರೆ ಜಾಮೀನು ಬೇಕೇ?

ಇನ್ನು ನಮ್ಮ ಕನ್ನಡದ ಪಾಲು. ಶಿವರಾಮ ಕಾರಂತರು ಬಾಲಪ್ರಪಂಚ, ವಿಜ್ಞಾನ ಪ್ರಪಂಚ ಬರೆದ ಭಾಷೆ ಇದು. ಜಿ.ಟಿ. ನಾರಾಯಣ ರಾವ್ ಆಕಾಶ ತೋರಿಸಿದ ಭಾಷೆ. ಹೊರನಾಡಿನ ನಮ್ಮ ಸಂಘಗಳಲ್ಲಿ ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಇದೆ, ಯಕ್ಷಗಾನ ಇದೆ, ಹೋಳಿಗೆ ಊಟವೂ ಇದೆ. ಇರಲಿ, ನನಗೂ ಎಲ್ಲ ಬೇಕು. ವರ್ಷಕ್ಕೆ ಒಂದು ಸಂಜೆ ನಮ್ಮ ಮಕ್ಕಳಿಗೆ ಕನ್ನಡದಲ್ಲಿ ನಕ್ಷತ್ರದ ಬಗ್ಗೆ ಯಾರಾದರೂ ಹೇಳಿದರೆ ಖರ್ಚೇನು? ಈ ಊರುಗಳಲ್ಲಿ ಕನ್ನಡ ಬಲ್ಲ ವಿಜ್ಞಾನಿಗಳಿಗೆ ಬರವಿಲ್ಲ, ನಾವು ಕರೆಯುವುದಿಲ್ಲ ಅಷ್ಟೇ. ಕನ್ನಡ ಬರೀ ಅಜ್ಜಿಯ ಜೊತೆ ಫೋನಿನಲ್ಲಿ ಆಡುವ ಭಾಷೆ ಅಂತ ಮಕ್ಕಳು ತಿಳಿದರೆ ಅದಕ್ಕೆ ಕಾರಣ ನಾವೇ.

ಪುಣೆಯಲ್ಲಿರುವವರು ಫೆಬ್ರವರಿ 28ರ ವಿಜ್ಞಾನ ದಿನದ ಆಸುಪಾಸಿನಲ್ಲಿ, ಐಯುಕಾ ಬಾಗಿಲು ತೆರೆದಾಗ, ಮಕ್ಕಳನ್ನು ಕರೆದುಕೊಂಡು ಹೋಗಿ. ಒಳಗಿನ ಅಂಗಳದಲ್ಲಿ ಆರ್ಯಭಟ, ಗೆಲಿಲಿಯೋ, ನ್ಯೂಟನ್, ಐನ್‌ಸ್ಟೈನ್ ನಾಲ್ವರ ಪ್ರತಿಮೆಗಳಿವೆ. ಇದೇ ಜಾಗದಲ್ಲಿ ಸುಮಾರು ಮೂವತ್ತು ವರ್ಷ ಕೆಲಸ ಮಾಡಿದ ಒಬ್ಬರು ಮಕ್ಕಳಿಗಾಗಿ ಚಿತ್ರಕಥೆ ಬರೆದಿದ್ದರು ಅಂತ ಹೇಳಿ. ಆಮೇಲೆ ಆ ಪುಸ್ತಕ ಹುಡುಕಿ ಅವರ ಕೈಗೆ ಕೊಡಿ.

ಬ್ಯಾಂಕಿನಲ್ಲಿ ಖಾತೆದಾರ ತೀರಿಕೊಂಡರೆ ಮೊದಲು ಕೇಳುವುದು ನಾಮಿನಿ ಯಾರು ಅಂತ. ಪ್ಯಾಡಿ ಸರ್ ಅವರ ದೊಡ್ಡ ಸಿದ್ಧಾಂತಕ್ಕೆ ಅವರ ಶಿಷ್ಯರಿದ್ದಾರೆ, ಅವರು ನೋಡಿಕೊಳ್ಳುತ್ತಾರೆ. ಈ ಸಣ್ಣ ಖಾತೆ, ಚಿತ್ರಕಥೆಯದು, ಅಂಕಣದ್ದು, ತಿಳಿಸಿ ಹೇಳುವ ಪ್ರೀತಿಯದು, ಇದಕ್ಕೆ ನಾಮಿನಿಗಳು ಓದುಗರಾದ ನಾವೇ. ಹತ್ತು ವರ್ಷ ಯಾರೂ ಕೇಳದಿದ್ದರೆ ಆ ಹಣ ಅನ್‌ಕ್ಲೇಮ್ಡ್ ಅಂತ ಬೇರೆ ಕಡೆ ಹೋಗುತ್ತದೆ. ಅಷ್ಟರೊಳಗೆ ಹೋಗಿ ಕೇಳೋಣ.